ಕೊನೇ ಸಾಲಿಗೂ ಕೇಳಬೇಕು: ಪಿಟೀಲು ಚೌಡಯ್ಯನವರ ಏಳು ತಂತಿ

ನಾವು ನಾಲ್ಕು ಜನ, ನಾಲ್ಕು ತಾಲ್ಲೂಕಿನವರು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಊರು ಬೇರೆಯಾದ್ರೂ ಗಣಪತಿ ಪೆಂಡಾಲಿನ ಅನುಭವ ಒಂದೇ. ಮುಂದಿನ ಸಾಲಿಗೆ ಕಿವಿ ಮುಚ್ಚಿಕೊಳ್ಳುವಷ್ಟು ಸದ್ದು, ಹಿಂದಿನ ಸಾಲಿಗೆ ಬರೀ ಗುಂಯ್ ಅನ್ನೋದು. ಈ ಸಲ ರಾಜ್ಯೋತ್ಸವಕ್ಕೆ ಹಳೇ ಸ್ಟೀಲ್ ಗಿಟಾರ್ ಒಂದನ್ನು ಎಬ್ಬಿಸೋಣ ಅಂತ ಕೂತೆವು. ಅದರ ಪಿಕಪ್ ಸತ್ತಿದೆ. ಮಲ್ಟಿಮೀಟರ್ ಹಿಡಿದ್ರೆ ಕಾಯಿಲ್ ಓಪನ್. ಬದಲಿಗೆ ಯಾವ ಪಿಕಪ್ ಹಾಕೋದು? ಮೂರು ರಾತ್ರಿ ಜಗಳ ಆಯ್ತು. ಕೊನೆಗೆ ನಮಗೆ ದಾರಿ ತೋರಿಸಿದ್ದು, ಪಿಕಪ್ ಅನ್ನೋದೇ ಇಲ್ಲದ ಕಾಲದಲ್ಲಿ ಇದೇ ಸಮಸ್ಯೆಗೆ ಕೈ ಹಾಕಿದ ನಮ್ಮವರೇ ಒಬ್ಬರ ಬದುಕು.

ತಿರುಮಕೂಡಲು ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ಕಾವೇರಿ ಕಪಿಲೆ ಕೂಡುವ ಟಿ. ನರಸೀಪುರದ ಹತ್ತಿರ. 1910ರಲ್ಲಿ, ಅಂದ್ರೆ ನಾವು ಎಸ್ಸೆಸ್ಸೆಲ್ಸಿ ಓದುವ ವಯಸ್ಸಲ್ಲಿ, ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಹಾಡುಗಾರರು. ಹಾಗಾಗಿ ಈ ಹುಡುಗನ ಕೈಯಲ್ಲಿ ಪಿಟೀಲು ಇದ್ದರೂ, ಕಿವಿಯಲ್ಲಿ ಯಾವಾಗಲೂ ಗಾಯನ ಇತ್ತು. ಮುಂದೆ ಅವರ ಕಮಾನಿಗೆ ದೊಡ್ಡ ಬಲ ಆಗಿದ್ದು ಇದೇ.

ಕರ್ನಾಟಕ ಸಂಗೀತದಲ್ಲಿ ಪಿಟೀಲು ಬಹುತೇಕ ಪಕ್ಕವಾದ್ಯ. ಹಾಡುವವರ ಹಿಂದೆಯೇ ನೆರಳಿನ ಹಾಗೆ ಹೋಗಬೇಕು, ಸರದಿ ಬಂದಾಗ ಒಂಟಿಯಾಗಿ ನಿಲ್ಲಬೇಕು. ಆಗಿನ ಕಚೇರಿಗಳಿಗೆ ಮೈಕ್ ಇರಲಿಲ್ಲ. ಗಾಯಕರಿಗೆ ಕಂಠದ ಬಲ, ಮೃದಂಗಕ್ಕೆ ಪೆಟ್ಟಿನ ಬಲ; ನಾಲ್ಕು ತಂತಿಯ ಪಿಟೀಲು ಮಾತ್ರ ಹಿಂದಿನ ಸಾಲು ತಲುಪುವಷ್ಟರಲ್ಲಿ ಬಡವಾಗಿಬಿಡ್ತಿತ್ತು. ಅಷ್ಟು ವರ್ಷ ಬೆವರು ಹರಿಸಿ ಕಲಿತದ್ದು ಅರ್ಧ ಸಭೆಗೆ ಕೇಳಿಸದಿದ್ದರೆ ಹೇಗಿರುತ್ತೆ?

1927ರ ಸುಮಾರಿಗೆ ಚೌಡಯ್ಯನವರು ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ರೂಪಿಸಿದರು. ಹೊಸ ಸ್ವರಕ್ಕಾಗಿ ಅಲ್ಲ, ಇರುವ ತಂತಿಗಳಿಗೆ ಜೊತೆ ಕೊಡೋದಕ್ಕೆ. ಒಂದೇ ಕಮಾನಿನಡಿ ಎರಡು ತಂತಿ ಒಟ್ಟಿಗೆ ನುಡಿದರೆ ನಾದ ದಪ್ಪಗಾಗುತ್ತೆ. ಆದ್ರೆ ಪುಕ್ಕಟೆ ಏನೂ ಸಿಗಲ್ಲ. ಜೋಡಿ ತಂತಿಯ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಬೀಟ್ಸ್ ಶುರು, ಫಿಸಿಕ್ಸ್ ಲ್ಯಾಬಿನ ಎರಡು ಟ್ಯೂನಿಂಗ್ ಫೋರ್ಕಿನ ಹಾಗೆ. ಬೆರಳು ಎರಡೂ ತಂತಿಯನ್ನು ಸಮನಾಗಿ ಒತ್ತಬೇಕು, ಸೇತುವೆ ಮೇಲಿನ ಭಾರವೂ ಏರುತ್ತೆ. ಸದ್ದು ಹೆಚ್ಚಿಸೋಕೆ ಹೋಗಿ ಶ್ರುತಿ ಕಳೆದುಕೊಳ್ಳುವ ಅಪಾಯವನ್ನು ಅವರು ಪ್ರತಿ ಕಚೇರಿಯಲ್ಲೂ ಸಾಧನೆಯಿಂದ ಗೆದ್ದರು.

ಹೆಚ್ಚುಕಡಿಮೆ ಅದೇ ಕಾಲಕ್ಕೆ, 1931ರಲ್ಲಿ, ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಜಾರ್ಜ್ ಬೋಶಾಮ್ ಅನ್ನೋ ಸ್ಟೀಲ್ ಗಿಟಾರ್ ವಾದಕನಿಗೂ ಇದೇ ಚಿಂತೆ. ಆತ ಕುದುರೆ ಲಾಳದ ಆಕಾರದ ಎರಡು ಅಯಸ್ಕಾಂತ ಮತ್ತು ಒಂದು ಕಾಯಿಲ್ ಬಳಸಿ ತಂತಿಯ ಕಂಪನವನ್ನು ನೇರ ವಿದ್ಯುತ್ತಾಗಿ ಬದಲಿಸಿದ. ಪೇಟೆಂಟ್ ಸಿಕ್ಕಿದ್ದು 1937ರಲ್ಲಿ. ಪೆಡಲ್ ಸ್ಟೀಲ್ ಗಿಟಾರಿನ ಪಿಕಪ್‌ಗಳೂ ಅದೇ ವಂಶದವು. ಒಂದೇ ಪ್ರಶ್ನೆಗೆ ಅಲ್ಲಿ ಫ್ಯಾರಡೆ ನಿಯಮ, ಇಲ್ಲಿ ಮೂರು ತಂತಿ.

ಚೌಡಯ್ಯನವರ ನಾದ ದೂರ ಹೋಯ್ತು. ಅರಿಯಾಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್ ಅವರಂಥ ದಿಗ್ಗಜರ ಪಕ್ಕದಲ್ಲಿ ಕೂತು ನುಡಿಸಿದರು. 1939ರಲ್ಲಿ ಮೈಸೂರು ಆಸ್ಥಾನ ವಿದ್ವಾನ್ ಆದರು. ತ್ರಿಮಕುಟ ಎಂಬ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. ಹುಟ್ಟೂರಿನ ಸಂಗಮವನ್ನು ಸಹಿಯಾಗಿ ಇಟ್ಟುಕೊಂಡರು ಅನ್ನಬಹುದು. 1943ರಲ್ಲಿ ವಾಣಿ ಅನ್ನೋ ಸಿನಿಮಾ ಮಾಡಿದರು. ಪಂಡರಿಬಾಯಿ ತೆರೆಗೆ ಬಂದದ್ದು ಅದರಲ್ಲೇ. 1957ರಲ್ಲಿ ಮದರಾಸು ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಂತು. 1967ರ ಜನವರಿ 19ರಂದು ತೀರಿಕೊಂಡರು. ಬೆಂಗಳೂರಿನ ಮಲ್ಲೇಶ್ವರದ ಹತ್ತಿರ ಪಿಟೀಲಿನ ಆಕಾರದಲ್ಲೇ ಇರುವ ಚೌಡಯ್ಯ ಸ್ಮಾರಕ ಭವನ ಅವರ ನೆನಪಿನದು.

ಇನ್ನು ನಮ್ಮ ಗಿಟಾರ್. ಮೊದಲು ಅತಿ ಹೆಚ್ಚು ಸುತ್ತಿನ ಕಾಯಿಲ್ ಹಾಕಿದ್ರೆ ಮುಗೀತು ಅಂದ್ಕೊಂಡಿದ್ವಿ. ಸುತ್ತು ಹೆಚ್ಚಾದ್ರೆ ಔಟ್‌ಪುಟ್ ಏರುತ್ತೆ ನಿಜ; ಜೊತೆಗೆ ಇಂಡಕ್ಟೆನ್ಸ್ ಏರಿ, ರೆಸೊನೆನ್ಸ್ ಕೆಳಗಿಳಿದು, ತಾರಸ್ಥಾಯಿಯ ಹೊಳಪು ಸಾಯುತ್ತೆ. ಚೌಡಯ್ಯನವರು ದಪ್ಪ ತಂತಿ ಹಾಕಲಿಲ್ಲ, ಜೋಡಿ ಹಾಕಿದರು. ಅದನ್ನು ನೆನೆದು ನಾವೂ ಜೋಡಿಗೇ ಬಂದೆವು: ಮಿತವಾದ ಸುತ್ತಿನ ಹಂಬಕರ್. ಅದರ ಎರಡು ಕಾಯಿಲ್ ಎದುರುಬದುರು ಸುತ್ತಿದ್ದು, ಅಯಸ್ಕಾಂತವೂ ತಿರುಗುಮುರುಗು. ಹಾಗಾಗಿ ತಂತಿಯ ನಾದ ಕೂಡುತ್ತೆ, ಪೆಂಡಾಲ್ ವೈರಿಂಗಿನ 50 ಹರ್ಟ್ಸ್ ಗುಂಯ್ ಕಳೆಯುತ್ತೆ. ಆರ್ಡರ್ ಮಾಡೋ ಮುಂಚೆ ತಂತಿಗಳ ನಡುವಿನ ಅಂತರವನ್ನು ವರ್ನಿಯರ್‌ನಲ್ಲಿ ಅಳೆದೆವು; ಅಂಚಿನ ತಂತಿ ಪಿಕಪ್‌ನಿಂದ ಆಚೆ ಬಿದ್ದರೆ ಅದರ ಧ್ವನಿ ಸೊರಗುತ್ತೆ.

ನವೆಂಬರ್ ಬರಲಿ. ನೀವು ದಯವಿಟ್ಟು ಕೊನೇ ಸಾಲಲ್ಲೇ ಕೂತ್ಕೊಳ್ಳಿ, ಅಲ್ಲಿಗೆ ಹೇಗೆ ಕೇಳಿಸಿತು ಅಂತ ಆಮೇಲೆ ಬಂದು ಹೇಳಿ.