ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್

ಗೋಣಿಬೀಡಿನ ಸುತ್ತಲ ಮಲೆನಾಡ ಮನೆಗಳಲ್ಲಿ ಮಾಗಳಿ ಬೇರಿನ ಉಪ್ಪಿನಕಾಯಿಯನ್ನು ಅರಿಯದವರು ವಿರಳ. ಬಯಲುನಾಡಿನ ಕಲ್ಲುಗುಡ್ಡಗಳಲ್ಲಿ ಬೆಳೆಯುವ, ಎಕ್ಕದ ಬಳಗಕ್ಕೆ ಸೇರಿದ ಈ ಹಾಲುಬಳ್ಳಿಗೆ ೧೮೩೪ರಲ್ಲಿ ಡೆಕಾಲೆಪಿಸ್ ಹ್ಯಾಮಿಲ್ಟನೈ ಎಂಬ ಶಾಸ್ತ್ರೀಯ ನಾಮವನ್ನಿತ್ತವರು ರಾಬರ್ಟ್ ವೈಟ್ ಮತ್ತು ಅವರ ಮಿತ್ರ ವಾಕರ್ ಆರ್ನಾಟ್.

೧೭೯೬ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿ, ಎಡಿನ್‌ಬರೋದಲ್ಲಿ ವೈದ್ಯವಿದ್ಯೆಯನ್ನು ಪೂರೈಸಿದ ವೈಟರು ೧೮೧೯ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಾಗಿ ಮದರಾಸು ಪ್ರಾಂತ್ಯಕ್ಕೆ ಬಂದರು. ೧೮೨೬ರಲ್ಲಿ ಅವರಿಗೆ ದೊರೆತ ಸರ್ಕಾರಿ ನಿಸರ್ಗತಜ್ಞರ ಹುದ್ದೆಯನ್ನು ಎರಡೇ ವರ್ಷಗಳಲ್ಲಿ ಗವರ್ನರ್ ಲಷಿಂಗ್ಟನ್ ರದ್ದುಪಡಿಸಿದರು. ನಾಗಪಟ್ಟಣದ ದಂಡಿನ ವೈದ್ಯರಾಗಿ ಹೋದ ವೈಟರು ಎದೆಗುಂದಲಿಲ್ಲ. ಸ್ವಂತ ಹಣದಿಂದಲೇ ಸಂಗ್ರಾಹಕರನ್ನೂ ಚಿತ್ರಕಾರರನ್ನೂ ಇಟ್ಟುಕೊಂಡು ಕಾರ್ಯವನ್ನು ಮುಂದುವರಿಸಿದರು. ಚಿತ್ರಕಾರರಾದ ರಂಗಯ್ಯ ಮತ್ತು ಗೋವಿಂದು ಅವರ ಹೆಸರುಗಳು ಉಳಿದುಬಂದಿವೆ. ಗುಡ್ಡಗಾಡನ್ನಲೆದು ಗಿಡ ತಂದ ದೇಶೀಯರ ಹೆಸರುಗಳು ಬಹುಮಟ್ಟಿಗೆ ಅಳಿದುಹೋಗಿರುವುದು ಖೇದಕರ.

೧೮೩೧ರಲ್ಲಿ ರಜೆಯ ಮೇಲೆ ಸ್ವದೇಶಕ್ಕೆ ಮರಳುವಾಗ ಅವರೊಡನೆ ಒಣಗಿಸಿದ ಸುಮಾರು ಒಂದು ಲಕ್ಷ ಸಸ್ಯ ಮಾದರಿಗಳು ಹಡಗೇರಿದವು. ಅವುಗಳ ತೂಕ ಎರಡು ಟನ್. ಎಕ್ಕದ ಬಳಗದ ಹೂವಿನ ರಚನೆ ಬಹು ಜಟಿಲವಾದುದು. ಎಕ್ಕದಲ್ಲಿ ಪರಾಗವು ಪುಡಿಯಾಗಿ ಉದುರದೆ, ಗಂಟಾಗಿ ಕೀಟದ ಕಾಲಿಗೆ ಸಿಕ್ಕಿಕೊಂಡು ಸಾಗುತ್ತದೆ. ಒಣ ಹೂವನ್ನು ನೀರಿನಲ್ಲಿ ನೆನೆಸಿ ಬಿಡಿಸಿ ನೋಡದ ಹೊರತು ಇಂತಹ ಸಸ್ಯಗಳ ಜಾತಿ ನಿರ್ಣಯ ಸಾಧ್ಯವಿಲ್ಲ. ವೈಟರೂ ಆರ್ನಾಟರೂ ಭಾರತದ ಈ ಬಳಗವನ್ನು ೧೮೩೪ರ ಗ್ರಂಥದಲ್ಲಿ ಕ್ರಮಪಡಿಸಿದರು. ಡೆಕಾಲೆಪಿಸ್ ಎಂದರೆ ಹತ್ತು ಹುರುಪೆಗಳುಳ್ಳದ್ದು ಎಂದರ್ಥ.

ಮುಂದೆ ಕೊಯಮತ್ತೂರಿನಲ್ಲಿ ಅಮೆರಿಕದ ಹತ್ತಿಯನ್ನು ಬೆಳೆಸುವ ಸರ್ಕಾರಿ ಪ್ರಯತ್ನಕ್ಕೆ ಅವರ ಹತ್ತಾರು ವರ್ಷಗಳು ಸವೆದವು. ಅದರ ನಡುವೆಯೇ ೨,೧೦೧ ಚಿತ್ರಪಟಗಳ ಐಕೋನೀಸ್ ೧೮೫೩ರಲ್ಲಿ ಮುಗಿಯಿತು.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಒಣಸಸ್ಯದ ಹಾಳೆಗೆ ಬೆಲೆ ಬರುವುದು ಅದರ ಚೀಟಿಯಿಂದ: ಎಲ್ಲಿ, ಎಂದು, ಯಾರು ಕಿತ್ತರು ಎಂಬ ಮೂರು ಸಂಗತಿಗಳಿಂದ. ೧೮೬೬-೬೭ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದಿಂದ ಹಂಚಲ್ಪಟ್ಟ ವೈಟರ ಹಾಳೆಗಳ ಅಚ್ಚಿನ ಚೀಟಿಯಲ್ಲಿ ಸ್ಥಳವೆಂದರೆ ಭಾರತದ ಪರ್ಯಾಯದ್ವೀಪ ಎಂದಷ್ಟೇ ಇದೆ. ಬೇರಿಗಾಗಿ ಬುಡಸಹಿತ ಅಗೆದುದರ ಫಲವಾಗಿ ಮಾಗಳಿ ಇಂದು ಹಲವು ಗುಡ್ಡಗಳಲ್ಲಿ ಅಪರೂಪ. ಹಿಂದೆ ಯಾವ ಗುಡ್ಡದಲ್ಲಿತ್ತೆಂಬುದನ್ನು ಅಂತಹ ಹಾಳೆ ಹೇಳಲಾರದು. ಜಿಲ್ಲೆಯೊಂದರ ಗಿಡಗಳನ್ನು ಸ್ಥಳಸಹಿತ ದಾಖಲಿಸುವ ಕಾರ್ಯ ಚಿಕ್ಕಮಗಳೂರಿನ ಮಟ್ಟಿಗೆ ೧೯೮೧ರಲ್ಲಿ ಯೋಗನರಸಿಂಹನ್, ಸುಬ್ರಹ್ಮಣ್ಯಂ, ರಾಜಿ ಅವರ ಗ್ರಂಥದಿಂದ ನೆರವೇರಿತು.

ವೈಟರು ೧೮೭೨ರ ಮೇ ೨೬ರಂದು ಇಂಗ್ಲೆಂಡಿನಲ್ಲಿ ತೀರಿಕೊಂಡರು. ಪಶ್ಚಿಮ ಘಟ್ಟದ ಮರಗಳ ಮೇಲೆ ಹಬ್ಬುವ, ಅದೇ ಬಳಗದ ಬಳ್ಳಿಯೊಂದಕ್ಕೆ ಜೋಸೆಫ್ ಹೂಕರ್ ೧೮೮೩ರಲ್ಲಿ ಹೋಯಾ ವೈಟೈ ಎಂದು ಹೆಸರಿಟ್ಟರು.