ರುಡಾಲ್ಫ್ ವಿರ್ಖೋ

ಬಡವರ ಪರವಾಗಿ ನಿರ್ಭಯವಾಗಿ ನುಡಿದ, ರೋಗದ ಮೂಲವನ್ನು ಜೀವಕೋಶದಲ್ಲಿ ಅರಸಿದ ವೈದ್ಯನು ರುಡಾಲ್ಫ್ ವಿರ್ಖೋ. ಅವನು 1821ರಲ್ಲಿ ಪ್ರಷ್ಯ ದೇಶದಲ್ಲಿ ಜನಿಸಿ, ಬರ್ಲಿನ್ನಿನಲ್ಲಿ ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿದನು. 1848ರಲ್ಲಿ ಸೈಲೀಸಿಯ ಪ್ರಾಂತದಲ್ಲಿ ಟೈಫಸ್ ಜ್ವರ ಹಬ್ಬಿದಾಗ, ಬಡತನ ಅಜ್ಞಾನಗಳೇ ಆ ಪಿಡುಗಿಗೆ ಕಾರಣವೆಂದು ಸರ್ಕಾರಕ್ಕೆ ವರದಿ ಒಪ್ಪಿಸಿದನು. ಅದೇ ವರ್ಷದ ಪ್ರಜಾಕ್ರಾಂತಿಯ ಪಕ್ಷ ವಹಿಸಿದುದರಿಂದ ಮರುವರ್ಷ ಬರ್ಲಿನ್ನನ್ನು ತೊರೆಯಬೇಕಾಯಿತು.

ರಕ್ತದ ಹೆಪ್ಪು ನಾಳದಲ್ಲಿ ಸಾಗಿ ದೂರದ ಅಂಗಕ್ಕೆ ರಕ್ತವನ್ನು ತಡೆಯುವ ಬಗೆಯನ್ನು ವಿವರಿಸಿದವನು ಅವನೇ. ಮಿದುಳಿನಲ್ಲಿ ಹೀಗಾದರೆ ಪಾರ್ಶ್ವವಾಯು ಬಡಿಯುತ್ತದೆ. ಮಿದುಳಿನ ನರಕೋಶಗಳ ನಡುವಣ ಪದಾರ್ಥಕ್ಕೆ, ನರಗಳ ಅಂಟು ಎಂಬ ಅರ್ಥದಲ್ಲಿ, ನ್ಯೂರೋಗ್ಲಿಯ ಎಂದು ಹೆಸರಿತ್ತವನೂ ಅವನೇ. 1902ರಲ್ಲಿ ಅವನು ನಿಧನನಾದನು.

ನ್ಯೂರೋಗ್ಲಿಯ ಬರಿಯ ಅಂಟಲ್ಲ, ನರಕೋಶಗಳನ್ನು ಸಲಹುವ ಆಧಾರಕೋಶಗಳ ಸಮೂಹವೆಂದು ಮುಂದಿನವರು ಅರಿತರು. ಪಾರ್ಶ್ವವಾಯುವಾದಾಗ ಇವುಗಳಲ್ಲಿ ಕೆಲವು ಸತ್ತ ಕೋಶಗಳನ್ನು ನುಂಗಿ ತೆರವುಗೊಳಿಸುತ್ತವೆ. ಕೆಲವು ಗಾಯದ ಸುತ್ತ ಗೋಡೆಯಂತೆ ನಿಲ್ಲುತ್ತವೆ. ಆದರೆ ಇವು ಸ್ರವಿಸುವ ಕೆಲವು ದ್ರವ್ಯಗಳು ನೆರೆಯ ನರಕೋಶಗಳಿಗೆ ಕೇಡನ್ನೂ ತರುತ್ತವೆ. ಬೆಂಗಳೂರಿನ ಅಕ್ಕಿಪೇಟೆಯಂಥ ಇಕ್ಕಟ್ಟಾದ ಬೀದಿಯಲ್ಲಿ ಒಂದು ಮಳಿಗೆಗೆ ಬೆಂಕಿ ತಗುಲಿದರೆ, ಅದನ್ನು ಆರಿಸಲು ಸುರಿದ ನೀರೇ ಪಕ್ಕದ ಮಳಿಗೆಯ ಅಕ್ಕಿಯನ್ನು ತೋಯಿಸುವುದಿಲ್ಲವೆ? ಈ ಕೋಶಗಳ ಉಪಕಾರವನ್ನು ಉಳಿಸಿ ಅಪಕಾರವನ್ನು ತಡೆಯುವ ಮಾರ್ಗವನ್ನು ವಿಜ್ಞಾನಿಗಳು ಇಂದಿಗೂ ಅರಸುತ್ತಿದ್ದಾರೆ.