ನಕ್ಷತ್ರಗಳ ನಡುವಿನ ಧೂಳನ್ನು ಅಳೆದ ಟ್ರಂಪ್ಲರ್

ಮೋಡವಿಲ್ಲದ ರಾತ್ರಿಯಲ್ಲಿ ನಕ್ಷತ್ರಗಳ ಬೆಳಕು ಅಡೆತಡೆಯಿಲ್ಲದೆ ನಮ್ಮನ್ನು ತಲುಪುತ್ತದೆ ಎಂದು 20ನೇ ಶತಮಾನದ ಆರಂಭದಲ್ಲಿ ಬಹುತೇಕ ಖಗೋಳವಿಜ್ಞಾನಿಗಳು ಭಾವಿಸಿದ್ದರು. ಆಕಾಶದಲ್ಲಿ ಅಲ್ಲಲ್ಲಿ ಕಪ್ಪು ಮೋಡಗಳಿರುವುದು ಅವರಿಗೆ ತಿಳಿದಿತ್ತು. ಆದರೆ ಕ್ಷೀರಪಥದ ಉದ್ದಗಲಕ್ಕೂ ತೆಳುವಾದ ಧೂಳು ಹರಡಿದೆಯೆಂಬುದಕ್ಕೆ ಗಟ್ಟಿಯಾದ ಪುರಾವೆ ಇರಲಿಲ್ಲ. ಅದನ್ನು ಒದಗಿಸಿದವರು ರಾಬರ್ಟ್ ಜೂಲಿಯಸ್ ಟ್ರಂಪ್ಲರ್.

1886ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಜನಿಸಿದ ಟ್ರಂಪ್ಲರ್, ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದಿಂದ 1910ರಲ್ಲಿ ಡಾಕ್ಟರೇಟ್ ಪಡೆದರು. ಕೆಲಕಾಲ ಸ್ವದೇಶದ ಭೂಮಾಪನ ಇಲಾಖೆಯಲ್ಲಿ ದುಡಿದು, 1915ರಲ್ಲಿ ಅಮೆರಿಕದ ಅಲೆಗೆನಿ ವೀಕ್ಷಣಾಲಯವನ್ನು ಸೇರಿದರು. ಮುಂದೆ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯವೇ ಅವರ ಕರ್ಮಭೂಮಿಯಾಯಿತು. 1922ರ ಪೂರ್ಣ ಸೂರ್ಯಗ್ರಹಣದ ವೇಳೆ ಆಸ್ಟ್ರೇಲಿಯಾದ ವಾಲ್ಲಲ್‌ಗೆ ತೆರಳಿದ ಲಿಕ್ ತಂಡದಲ್ಲಿ ಅವರಿದ್ದರು. ಸೂರ್ಯನ ಸಮೀಪ ಹಾದುಬರುವ ನಕ್ಷತ್ರಗಳ ಬೆಳಕು ಬಾಗುತ್ತದೆಂಬ ಐನ್‌ಸ್ಟೈನ್ ಸಿದ್ಧಾಂತವನ್ನು ಆ ತಂಡದ ಅಳತೆಗಳು ಸಮರ್ಥಿಸಿದವು.

ಆದರೆ ಟ್ರಂಪ್ಲರ್ ಅವರಿಗೆ ಶಾಶ್ವತ ಕೀರ್ತಿ ತಂದದ್ದು ನಕ್ಷತ್ರಗುಚ್ಛಗಳ ಅಧ್ಯಯನ. ಸುಮಾರು 100 ಗುಚ್ಛಗಳ ದೂರವನ್ನು ಅವರು ನಕ್ಷತ್ರಗಳ ರೋಹಿತ ಮತ್ತು ಹೊಳಪಿನ ಆಧಾರದಿಂದ ಲೆಕ್ಕಹಾಕಿದರು. ಆ ದೂರವನ್ನೂ ಆಕಾಶದಲ್ಲಿ ಗುಚ್ಛವು ಕಾಣುವ ಅಗಲವನ್ನೂ ಸೇರಿಸಿ ಅದರ ನಿಜವಾದ ಗಾತ್ರವನ್ನು ಕಂಡುಕೊಂಡರು. ಫಲಿತಾಂಶ ವಿಚಿತ್ರವಾಗಿತ್ತು: ಒಂದೇ ಬಗೆಯ ಗುಚ್ಛಗಳು ಭೂಮಿಯಿಂದ ದೂರವಿದ್ದಷ್ಟೂ ದೊಡ್ಡದಾಗುತ್ತ ಹೋಗುತ್ತಿದ್ದವು! ನಮ್ಮಿಂದ ದೂರವಿರುವುದೇ ಗುಚ್ಛವೊಂದು ಹಿಗ್ಗಲು ಕಾರಣವಾಗುವುದು ಸಾಧ್ಯವಿಲ್ಲ. ಆದ್ದರಿಂದ ತಪ್ಪು ದೂರದ ಲೆಕ್ಕದಲ್ಲಿಯೇ ಇರಬೇಕೆಂದು ಟ್ರಂಪ್ಲರ್ ತರ್ಕಿಸಿದರು. ನಡುವಿನ ಧೂಳು ಬೆಳಕನ್ನು ಮಂಕಾಗಿಸುತ್ತಿದ್ದುದರಿಂದ ಗುಚ್ಛಗಳು ಇರುವುದಕ್ಕಿಂತ ದೂರದಲ್ಲಿವೆಯೆಂಬ ಭ್ರಮೆ ಉಂಟಾಗಿತ್ತು. ದೂರದ ನಕ್ಷತ್ರಗಳು ತಮ್ಮ ರೋಹಿತಕ್ಕೆ ತಕ್ಕುದಕ್ಕಿಂತ ಕೆಂಪಾಗಿ ಕಾಣುತ್ತಿದ್ದುದೂ ಈ ಮಾತಿಗೆ ಪುಷ್ಟಿ ನೀಡಿತು.

1930ರಲ್ಲಿ ಪ್ರಕಟವಾದ ಈ ಸಂಶೋಧನೆಯ ಪ್ರಕಾರ, ಕ್ಷೀರಪಥದ ತಳದಗುಂಟ ಸುಮಾರು 3,260 ಜ್ಯೋತಿರ್ವರ್ಷ ಕ್ರಮಿಸುವಷ್ಟರಲ್ಲಿ ನಕ್ಷತ್ರದ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇದರ ಪರಿಣಾಮ ದೊಡ್ಡದು. ಸೂರ್ಯನ ಸುತ್ತಲೇ ನಕ್ಷತ್ರಗಳು ದಟ್ಟವಾಗಿದ್ದು ಆಚೆಗೆ ವಿರಳವಾಗುತ್ತವೆಂದು ತೋರುತ್ತಿದ್ದುದಕ್ಕೆ ಧೂಳಿನ ಪರದೆಯೇ ಕಾರಣವೆಂಬುದು ಸ್ಪಷ್ಟವಾಯಿತು. ಹಾರ್ಲೋ ಶಾಪ್ಲಿ ಸುಮಾರು 3 ಲಕ್ಷ ಜ್ಯೋತಿರ್ವರ್ಷವೆಂದು ಅಂದಾಜಿಸಿದ್ದ ಕ್ಷೀರಪಥದ ವ್ಯಾಸವನ್ನೂ ಮುಂದೆ ಬಹಳಷ್ಟು ತಗ್ಗಿಸಬೇಕಾಯಿತು.

1932ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯರಾಗಿ ಆಯ್ಕೆಯಾದ ಟ್ರಂಪ್ಲರ್, ಬಳಿಕ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿ 1951ರಲ್ಲಿ ನಿವೃತ್ತರಾದರು. 1956ರಲ್ಲಿ ನಿಧನ ಹೊಂದಿದರು. ಧೂಳನ್ನು ಹಾದುಬರಬಲ್ಲ ಅವಕೆಂಪು ಕಿರಣಗಳ ಮೂಲಕ ಆಕಾಶವನ್ನು ಶೋಧಿಸುವ ಯುಗವನ್ನು ಅವರು ಕಾಣಲಿಲ್ಲ. ಕ್ಷೀರಪಥದ ಕೇಂದ್ರದ ಬಳಿ ಅಡಗಿದ್ದ ಆರ್ಚಸ್ ಗುಚ್ಛವು ಹಾಗೆ ಗೋಚರಿಸಿದ್ದು 1990ರ ದಶಕದಲ್ಲಿ. ಕಣ್ಣಿಗೆ ಬೀಳದ ಗುಚ್ಛಗಳನ್ನು ಇಂದು ಅಳೆಯುವವರೂ ಮೊದಲು ನಡುವಿನ ಧೂಳಿನ ಲೆಕ್ಕ ಹಿಡಿಯಲೇಬೇಕು. ಆ ಲೆಕ್ಕವನ್ನು ಅನಿವಾರ್ಯವಾಗಿಸಿದ್ದು ಟ್ರಂಪ್ಲರ್ ಅವರ 1930ರ ಸಂಶೋಧನೆ.